ಕರಿಮೂಗನ ಎರಡು ಸಾಲು

೧

ಎಲ್ಲಿಂದ ಶುರು ಮಾಡಲಿ ಎಂದು ತಂಗೆವ್ವನನ್ನೇ ಕೇಳಿದೆ.

"ಕೆಂಪ ಸುತ್ತಿನಿಂದ ಶುರು ಮಾಡ್ರಿ ಕಾಕಾ," ಅಂದಳು.

ಹಾಗೆ ಶುರು ಮಾಡುವ ರೂಢಿ ನನಗಿಲ್ಲ. ನಾನು ಕೇಳಿ ಬೆಳೆದ ಕಥೆಗಳಲ್ಲಿ ಮೊದಲು ಊರು ಬರುತ್ತದೆ, ಊರ ಮುಂದೆ ಹೊಳೆ ಬರುತ್ತದೆ, ಹೊಳೆಯಲ್ಲಿ ಕಾಲು ತೊಳೆದು ದೇವರಿಗೆ ಕೈಮುಗಿದ ಮೇಲೆ ಮನುಷ್ಯರು ಒಬ್ಬೊಬ್ಬರಾಗಿ ಬರುತ್ತಾರೆ. ಆ ಪ್ರಕಾರ ಒಂದು ಆರಂಭವನ್ನು ಬರೆದೂ ಇಟ್ಟಿದ್ದೆ: 'ಮ್ಹೈಸಾಳದ ಆಚೆ, ಕೃಷ್ಣೆಯ ನೀರನ್ನು ಪಂಪುಗಳು ಮೇಲೆತ್ತಿ ಕಾಲುವೆಗೆ ಸುರಿಯುವ ಕಡೆ, ಕಬ್ಬು ಕಡಿದ ಹೊಲಗಳ ನಡುವೆ, ಸಂಜೆಯ ಬಂಗಾರದ ಬೆಳಕಿನಲ್ಲಿ ಒಂದು ಕುರಿಹಿಂಡು...'

"ಬಂಗಾರದ ಬೆಳಕ ತಗೀರಿ. ಸಂಜೀಕ ಅಲ್ಲಿ ಬರೇ ಧೂಳ ಇರತೈತಿ."

ತೆಗೆದೆ. ಬೆಳಕು ಹೋದ ಮೇಲೆ ಹೊಳೆಯೂ ಹೋಯಿತು, ಪಂಪೂ ಹೋಯಿತು. ಉಳಿದದ್ದು ಕೆಂಪು ಸುತ್ತು.

ಫೆಬ್ರವರಿಯ ಒಂದು ಬುಧವಾರ, ಮಿರಜದ ಒಂದು ಜೂನಿಯರ್ ಕಾಲೇಜಿನಲ್ಲಿ (ಹುಡುಕಿಕೊಂಡು ಹೋಗಬೇಡಿ, ಅದನ್ನು ಕಟ್ಟಿದವನು ನಾನೇ, ಗೋಡೆಗೆ ಇನ್ನೂ ಸುಣ್ಣ ಹಚ್ಚಿಲ್ಲ) ಗಣಿತದ ಬಾಹುಬಲಿ ಸರ್ ಹನ್ನೊಂದನೆಯ ಸಾಯನ್ಸಿನ ತಂಗೆವ್ವನ ಜರ್ನಲ್ ತೆರೆದರು. ಹದಿನೇಳನೆಯ ಪುಟದಲ್ಲಿ ಎರಡು ಸಾಲುಗಳ ಸುತ್ತ ಕೆಂಪು ಪೆನ್ನಿನಿಂದ ಸುತ್ತು ಎಳೆದರು. ಪಕ್ಕದಲ್ಲಿ ಮರಾಠಿಯಲ್ಲಿ ಬರೆದರು: ಎರಡರಲ್ಲಿ ಒಂದನ್ನು ಹೊಡೆದುಹಾಕಿ ಶನಿವಾರದೊಳಗೆ ತೋರಿಸು.

ಸುತ್ತಿನೊಳಗೆ ಇದ್ದದ್ದು ಇಷ್ಟು:

ಕರಿಮೂಗ — ಕೆಂಚಿ
ಕರಿಮೂಗ — ಚುಕ್ಕಿ

ಕರಿಮೂಗ ಒಂದು ಕುರಿಮರಿ. ಕೆಂಚಿ ಮತ್ತು ಚುಕ್ಕಿ ಎರಡು ಕುರಿಗಳು. ಎರಡೂ ಅದರ ತಾಯಂದಿರು.

ಜರ್ನಲ್ ಮೇಲೆ ಸರ್ ಸಹಿ ಬೀಳದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂಡ್ರಿಸುವುದಿಲ್ಲ. ಅದಕ್ಕೆ ಕೂಡ್ರದಿದ್ದರೆ ಗಣಿತ ಫೇಲು. ಗಣಿತ ಫೇಲಾದರೆ ಆ ಹುಡುಗಿಯ ಒಂದು ವರ್ಷ ಹೋಯಿತು. ಇಷ್ಟು ತಿಳಿದಿದ್ದರೆ ಮುಂದೆ ಓದಬಹುದು.

೨

ನಿಯಮ ಸರಳವಾಗಿದೆ. ಎಡಗಡೆ ಒಂದು ಪಟ್ಟಿ, ಬಲಗಡೆ ಒಂದು ಪಟ್ಟಿ. ಎಡಗಡೆಯ ಪ್ರತಿಯೊಂದಕ್ಕೂ ಬಲಗಡೆ ಒಂದು ಜೊತೆ ಇರಬೇಕು, ಒಂದೇ ಇರಬೇಕು. ಹಾಗಿದ್ದರೆ ಆ ಜೋಡಿಗಳ ಗುಂಪು ಫಂಕ್ಷನ್. ಎಡಗಡೆಯ ಇಬ್ಬರು ಬಲಗಡೆಯ ಒಬ್ಬರನ್ನೇ ಹಿಡಿದುಕೊಂಡರೆ ತಕರಾರಿಲ್ಲ. ಎಡಗಡೆಯ ಒಬ್ಬರು ಬಲಗಡೆಯ ಇಬ್ಬರ ಕೈ ಹಿಡಿದರೆ ಮಾತ್ರ ಮುಗಿಯಿತು. ಅದು ಫಂಕ್ಷನ್ ಅಲ್ಲ.

(ಮರಾಠಿ ಪುಸ್ತಕದಲ್ಲಿ ಇದಕ್ಕೆ ಫಲ ಅನ್ನುತ್ತಾರೆ, ಕನ್ನಡ ಪುಸ್ತಕದಲ್ಲಿ ಫಲನ. ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಫಂಕ್ಷನ್. ತಂಗೆವ್ವನ ಅಜ್ಜಿ ಹಣಮವ್ವನಿಗೆ ಫಂಕ್ಷನ್ ಅಂದರೆ ಊಟಕ್ಕೆ ಹೋಗುವುದು.)

ಬಾಹುಬಲಿ ಸರ್ ಈ ನಿಯಮವನ್ನು ಕಲಿಸುವಾಗ ಪ್ರತಿ ವರ್ಷ ಒಂದೇ ಉದಾಹರಣೆ ಕೊಡುತ್ತಾರೆ. ಎಡಗಡೆ ಮಕ್ಕಳು, ಬಲಗಡೆ ತಾಯಂದಿರು. ಒಬ್ಬ ತಾಯಿಗೆ ನಾಲ್ಕು ಮಕ್ಕಳಿರಬಹುದು. ಒಂದು ಮಗುವಿಗೆ ಇಬ್ಬರು ತಾಯಂದಿರು ಇರಬಹುದೇನು? ಇಡೀ ಕ್ಲಾಸು ಕೂಗುತ್ತದೆ: "ನಾಹೀ ಸರ್!" ಇಪ್ಪತ್ತೆರಡು ವರ್ಷಗಳಿಂದ ಕೂಗುತ್ತಿದೆ.

ಆಮೇಲೆ ಪ್ರಾಕ್ಟಿಕಲ್. ಪುಸ್ತಕದ್ದು ಬೇಡ, ನಿಮ್ಮ ಮನೆಯಿಂದ, ಓಣಿಯಿಂದ ಹತ್ತು ಜೋಡಿ ತನ್ನಿ. ಅದು ಫಂಕ್ಷನ್ ಹೌದೋ ಅಲ್ಲವೋ ಹೇಳಿ. ಕಾರಣ ಬರೆಯಿರಿ.

ಮಾಧವನಗರದ ರಾಜಕುಮಾರ ಹತ್ತು ಅಂಗಡಿ, ಹತ್ತು ಶಟರ್ ನಂಬರು ಬರೆದ. ಕ್ಯಾಂಟೀನಿನ ಬೆಂಚಿನ ಮೇಲೆ, ವಡಾಪಾವ್ ಮುಗಿಯುವಷ್ಟರಲ್ಲಿ ಹತ್ತನ್ನೂ ತಲೆಯಿಂದ ತೆಗೆದು ಬರೆದ. ಎದುರಿಗೆ ಕುಳಿತಿದ್ದ ತಂಗೆವ್ವ ನೋಡಿದಳು. ಅವನ ಜರ್ನಲ್‌ಗೆ ಬುಧವಾರವೇ ಸಹಿ ಬಿತ್ತು, ಪಕ್ಕದಲ್ಲಿ 'ಉತ್ತಮ' ಎಂದೂ ಬಿತ್ತು.

೩

(ಈ ಭಾಗದಲ್ಲಿ ಬಾಹುಬಲಿ ಸರ್ ಅವರ ಬಾಲ್ಯವಿತ್ತು. ಅವರ ತಂದೆ ಸಾಂಗ್ಲಿಯ ಅರಿಸಿಣದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದದ್ದು, ಒಂದು ಅಂಕಿ ತಪ್ಪಿದರೆ ಮಗನ ಕಿವಿ ಹಿಂಡುತ್ತಿದ್ದದ್ದು. ಓದಿದ್ದರೆ ನೀವು ಅವರನ್ನು ಅರ್ಧ ಕ್ಷಮಿಸಿಬಿಡುತ್ತಿದ್ದಿರಿ. ಯಾರನ್ನೂ ಪೂರ್ತಿ ಕೆಟ್ಟವರನ್ನಾಗಿ ಮಾಡಬಾರದು ಎಂಬುದು ನನ್ನ ನೇಮ. ತಂಗೆವ್ವ ಓದಿ, "ಸರ್ ಬಾಲ್ಯ ನನ್ನ ಜರ್ನಲ್‌ನ್ಯಾಗ ಇಲ್ರಿ" ಅಂದಳು. ಹರಿದು ಹಾಕಿದೆ. ನಿಜ ಹೇಳಬೇಕೆಂದರೆ ಅವಳೇ ಹರಿದಳು.)

೪

ತಂಗೆವ್ವನ ಮನೆಯವರು ಕುರಿಯವರು. ಸುಗ್ಗಿಯ ನಂತರ ಯಾರ ಹೊಲದಲ್ಲಿ ಗೊಬ್ಬರಕ್ಕೆ ಹಿಂಡು ತರುಬುತ್ತಾರೋ ಅಲ್ಲೇ ಅವರ ವಸ್ತಿ. ಈ ಸಲ ಆದಪ್ಪನವರ ಹೊಲದಲ್ಲಿ. ಕಾಲೇಜಿನಿಂದ ಬಸ್ಸಿಳಿದು ಕಾಲುವೆಯ ದಂಡೆ ಹಿಡಿದು ಬರುವಾಗ, ತಾಯಿಕುರಿಗಳು ಮೇಯ್ದು ತಿರುಗಿ ಬರುವ ಹೊತ್ತಿಗೆ ಸರಿಯಾಗಿ ಅವಳೂ ಬರುತ್ತಾಳೆ.

ಮರಿಗಳು ಇಡೀ ದಿನ ಬಲೆಯ ಬೇಲಿಯೊಳಗೆ. ಸಂಜೆ ಹಣಮವ್ವ ಬೇಲಿಯ ಬಾಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಮರಿಯನ್ನು ಹಿಡಿದು ಅದರ ತಾಯಿಯ ಹೆಸರು ಕೂಗುತ್ತಾಳೆ. ತಾಯಿ ಬರುತ್ತದೆ, ಮೂಸುತ್ತದೆ, ಮರಿ ಕಾಲ ಸಂದಿಗೆ ನುಗ್ಗುತ್ತದೆ. ಅರವತ್ತು ಮರಿಗೆ ಅರವತ್ತು ಕೂಗು. ಆ ಜನದಲ್ಲಿ ಮರಿಗೆ ಮೊದಲ ಉಣ್ಣೆ ಕತ್ತರಿಸುವವರೆಗೆ ಸ್ವಂತ ಹೆಸರಿಲ್ಲ. ಬಿಳಿಬಾಲ, ಗಿಡ್ಡಬಾಲ ಎಂದು ಗುರುತು ಹಿಡಿದು ಹೇಳುತ್ತಾರೆ. ಹೆಸರು ಇರುವುದು ತಾಯಿಗೆ. ಆದ್ದರಿಂದ ಹೇಳುವಾಗ ತಾಯಿಯೇ ಮೊದಲು.

ತಂಗೆವ್ವ ಅಜ್ಜಿ ಕೂಗಿದ ಹಾಗೆಯೇ ಬರೆದುಕೊಂಡಳು. ಉದ್ದಕಿವಿ — ಬಿಳಿಬಾಲ. ಉದ್ದಕಿವಿ — ಗಿಡ್ಡಬಾಲ. ಹೀಗೆ. ಮೊದಲ ಸಲ ತೋರಿಸಿದಾಗ ಸರ್ ನಕ್ಕರು. ಸರ್ ಕಾಲೇಜಿನಲ್ಲಿ ಮರಾಠಿ ಆಡುತ್ತಾರೆ. ಮನೆಮಾತು ಕನ್ನಡವಾದ್ದರಿಂದ ಇವಳ ಜೊತೆ ನಡುನಡುವೆ ಕನ್ನಡಕ್ಕೆ ಇಳಿಯುತ್ತಾರೆ.

"ಎಡಕ್ಕ ತಾಯಿ ಇಟ್ರ ಅವಳಿಜವಳಿ ಹುಟ್ಟಿದ ಕೂಡ್ಲೇ ಕೆಡತೈತಿ. ಒಂದ ತಾಯಿಗೆ ಎರಡ ಮರಿ ಆದೂವಲ್ಲ? ತಿರುವಿ ಬರಿ. ಮರಿ ಎಡಕ್ಕ, ತಾಯಿ ಬಲಕ್ಕ."

ಸರಿಯಾದ ಮಾತು. ತಂಗೆವ್ವನಿಗೆ ಅದು ಎಷ್ಟು ಹಿಡಿಸಿತೆಂದರೆ ಬಸ್ಸಿನಲ್ಲಿ ನಿಂತುಕೊಂಡೇ ಪಟ್ಟಿಯನ್ನು ತಿರುವಿದಳು. ಅದೇ ಕುರಿ, ಅದೇ ಮರಿ. ಎಡಬಲ ಬದಲಿಸಿದರೆ ಕೆಟ್ಟದ್ದು ನೆಟ್ಟಗಾಗುತ್ತದೆ. ಇಂಥ ವಿದ್ಯೆ ಇರುವಾಗ ಜನ ಬೇರೆ ಏನನ್ನಾದರೂ ಯಾಕೆ ಕಲಿಯುತ್ತಾರೆ ಎನ್ನಿಸಿತು ಅವಳಿಗೆ. ಒಂಬತ್ತು ಮರಿ ಒಂದೊಂದು ತಾಯಿಯನ್ನು ಹಿಡಿದು ಸಾಲಾಗಿ ನಿಂತವು. ಹತ್ತನೆಯದು ಕರಿಮೂಗ.

ಅದು ಮಾತ್ರ ಎಡಕ್ಕೆ ಇಟ್ಟರೂ ಎರಡು, ಬಲಕ್ಕೆ ಇಟ್ಟರೂ ಎರಡು.

ತಂಗೆವ್ವ ಹೆದರಲಿಲ್ಲ. ಇನ್ನೂ ಖುಷಿಯಾಯಿತು. ಹನ್ನೊಂದು ಸಾಲನ್ನೂ ಬರೆದು ಕೆಳಗೆ ಬರೆದಳು: 'ಇದು ಫಂಕ್ಷನ್ ಅಲ್ಲ. ಕಾರಣ: ಕರಿಮೂಗನಿಗೆ ಎರಡು ತಾಯಿ.' ಅಡಿಯಲ್ಲಿ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಳು. ಇಡೀ ಕ್ಲಾಸಿನಲ್ಲಿ ಫಂಕ್ಷನ್ ಅಲ್ಲದ್ದನ್ನು ಮನೆಯಿಂದ ತಂದವಳು ಅವಳೊಬ್ಬಳೇ.

೫

ಕರಿಮೂಗನಿಗೆ ಎರಡು ತಾಯಿ ಹೇಗೆ? ಕೇಳುತ್ತೀರಿ ಎಂದು ಗೊತ್ತಿತ್ತು.

ದೀಪಾವಳಿ ಮುಗಿದ ವಾರ ಕೆಂಚಿ ಈದು ಸತ್ತಿತು. ಮರಿ ಉಳಿಯಿತು. ಮರುದಿನ ಚುಕ್ಕಿ ಈದಿತು. ಅದರ ಮರಿ ಸತ್ತೇ ಹುಟ್ಟಿತು. ಕುರಿ ತನ್ನದಲ್ಲದ ಮರಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಗುದ್ದಿ ಓಡಿಸುತ್ತದೆ. ಹಣಮವ್ವ ಸತ್ತ ಮರಿಯ ತೊಗಲನ್ನು ಅಂಗಿಯ ಹಾಗೆ ಬಿಡಿಸಿ, ನಾಲ್ಕು ಕಾಲಿಗೆ ನಾಲ್ಕು ತೂತು ಬಿಟ್ಟು, ಕರಿಮೂಗನಿಗೆ ತೊಡಿಸಿದಳು. ಚುಕ್ಕಿ ಮೂಸಿತು. ಗುದ್ದಿತು. ಮತ್ತೆ ಮೂಸಿತು. ತನ್ನ ಹೊಟ್ಟೆಯ ವಾಸನೆ ಅಲ್ಲಿತ್ತು. ನಿಂತಿತು, ಹಾಲು ಬಿಟ್ಟಿತು. ನಾಲ್ಕನೆಯ ದಿನ ಅಂಗಿ ಕಳಚಿದರೂ ಮರಿಯ ಮೈಯಲ್ಲಿ ಚುಕ್ಕಿಯ ಹಾಲಿನ ವಾಸನೆ ಕೂತಿತ್ತು.

ಇಲ್ಲಿಗೆ ಕಥೆ ಮುಗಿಯುವುದಾದರೆ ಚುಕ್ಕಿಯ ಮರಿ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಪ್ರತಿ ಅಮಾವಾಸ್ಯೆ ಆ ಮನೆಯ ಹಿರಿಯರು ಅಂಗೈಯಲ್ಲಿ ಭಂಡಾರ, ಅಂದರೆ ಬೀರಪ್ಪನ ಅರಿಸಿಣದ ಪುಡಿ, ಹಿಡಿದು ದೇವರ ಮುಂದೆ ಹಿಂಡನ್ನು ಒಪ್ಪಿಸುತ್ತಾರೆ. ಇಂಥ ಮರಿ, ಇಂಥದ್ದರ ಹೊಟ್ಟೆಯದು, ನೀನು ಕಾಯಿ. ಕರಿಮೂಗನ ಸರದಿ ಬಂದಾಗ ಹಣಮವ್ವ ಕೆಂಚಿ ಎಂದು ಒಂದು ಚಿಟಿಕೆ ಎರಚುತ್ತಾಳೆ, ಚುಕ್ಕಿ ಎಂದು ಇನ್ನೊಂದು. ಅವಳ ಅತ್ತೆ ಹಾಗೆ ಮಾಡುತ್ತಿದ್ದಳು. ಅವಳ ಅತ್ತೆಯ ಅತ್ತೆಯೂ. ಭಂಡಾರ ಕೈಯಲ್ಲಿದ್ದಾಗ ಸುಳ್ಳು ಹೇಳಿದರೆ ಹಿಂಡಿಗೆ ರೋಗ ಬೀಳುತ್ತದೆ. ನಾನೂ ನಂಬುತ್ತೇನೆ; ಬೇಕಾದರೆ ನಗಿರಿ.

ಬುಧವಾರ ಸಂಜೆ ತಂಗೆವ್ವ ಬೇಲಿಯ ಹತ್ತಿರ ಚೀಲ ಒಗೆದು ನಿಂತಳು.

"ಒಂದ ತಗೀಬೇಕಂತ ಅಜ್ಜಿ."

"ಯಾವದು?"

"ಯಾವದರ ನಡಿತೈತಂತ."

ಹಣಮವ್ವನ ಕೈಯಲ್ಲಿದ್ದ ಮರಿ ಜಾರಿ ಓಡಿತು. ಅವಳು ಅದರ ಕಡೆ ನೋಡಲೂ ಇಲ್ಲ.

"ಏನಂದಾ? ಯಾವದರ?"

"ಹೂಂ."

"ಅಂವ ಉಣ್ಣಾಕ ಕುಂತಾಗ ತಾಟಿನ್ಯಾಗಿಂದು ರೊಟ್ಟಿ ತಗಿಯೂನೋ ಪಲ್ಯೆ ತಗಿಯೂನೋ ಕೇಳಿ ನೋಡು. ಯಾವದರ ನಡಿತೈತಿ ಅಂತಾನೇನು ಹಾಟ್ಯಾ? ಹೆತ್ತಾಕಿನ್ನ ಬಿಟ್ಟರ ಹೊಟ್ಟಿಗೆ ಸುಳ್ಳ. ಹಾಲ ಕೊಟ್ಟಾಕಿನ್ನ ಬಿಟ್ಟರ ಬಾಯಿಗೆ ಸುಳ್ಳ. ಇಷ್ಟ ತಿಳಿಯೂದಿಲ್ಲ, ಮಾಸ್ತರ ಆಗ್ಯಾನ!"

"ಅಂವಗ ಬೈಯಬ್ಯಾಡ. ಸಹಿ ಅಂವನ ಮಾಡಬೇಕು."

"ಬೈದರ ಸಹಿ ಅಳಸತೈತೇನು?"

ತಂಗೆವ್ವನಿಗೆ ನಗು ಬರಬೇಕಿತ್ತು. ಬರಲಿಲ್ಲ. ತಪ್ಪು ಎಂದಿದ್ದರೆ ಅವಳು ಸಹಿಸುತ್ತಿದ್ದಳು. ತಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದಳು. ಯಾವುದಾದರೂ ನಡೆಯುತ್ತದೆ ಎಂಬ ಮಾತಿನಲ್ಲಿ ಹುಡುಕಲು ಏನೂ ಇರಲಿಲ್ಲ.

೬

ಈಗ ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತು. ಮರಿಗೆ ಎರಡು ತಾಯಿ ಅಂದಮೇಲೆ ಹುಡುಗಿಗೂ ಎರಡು ತಾಯಿ ಇರಬೇಕು. ಹೆತ್ತವಳು ಸತ್ತಿರಬೇಕು, ಇನ್ನೊಬ್ಬಳು ಸಾಕಿರಬೇಕು. ಕಾಲೇಜಿನ ಫಾರ್ಮಿನಲ್ಲಿ ತಾಯಿಯ ಹೆಸರಿಗೆ ಒಂದೇ ಜಾಗ ಇರಬೇಕು. ಕಥೆ ಬರೆಯುವವರ ಕೈ ಅಲ್ಲಿಗೆ ತಾನಾಗಿ ಹೋಗುತ್ತದೆ. ನನ್ನದೂ ಹೋಯಿತು. ಮೂರು ಪುಟ ಬರೆದೆ, ಎರಡು ಕಡೆ ನನಗೇ ಕಣ್ಣು ತುಂಬಿತು.

ತಂಗೆವ್ವ ಓದಿ ಪುಟಗಳನ್ನು ನನ್ನ ಮುಂದೆ ಇಟ್ಟಳು.

"ನಮ್ಮವ್ವ ಮಂಗಲಾ. ಒಬ್ಬಾಕೀನ ಅದಾಳ. ಗಟ್ಟಿಮುಟ್ಟ ಅದಾಳ. ಈಗ ರೊಟ್ಟಿ ಬಡಿಯಾಕತ್ತಾಳ. ಆಕಿನ್ನ ಯಾಕ ಕೊಂದ್ರಿ?"

"ಕಥೆಗೆ ಒಂದು ತೂಕ..."

"ಕುರಿ ಸತ್ತದ್ದು ಸಾಲಲಿಲ್ಲೇನ್ರಿ? ಕುರಿ ಮಾತು ಕುರಿದ ಇರಲಿ. ಮನಿಶ್ಯಾರ ತಂದ ಕೂಡ್ಸಿದ್ರನ ಖರೇ ಆಗತೈತೇನ?"

ಮಂಗಲಾಳನ್ನು ಬದುಕಿಸಿದೆ. ಕ್ಷಮೆ ಕೇಳಬೇಕೆಂದು ಹೋದರೆ ಅವಳು ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ. ಈ ಕಥೆಯಲ್ಲಿ ಅವಳಿಗೆ ಬೇರೆ ಕೆಲಸವಿಲ್ಲ.

೭

ಗುರುವಾರ, ಕ್ಲಾಸು ಮುಗಿದ ಮೇಲೆ, ಎಲ್ಲರ ಎದುರಿಗೆ.

"ಸರ್, ನೀವ ಕಲಿಸಿದ ನಿಯಮದ ಪ್ರಕಾರನ ಬರದೇನಿ. ಎಡಕ್ಕ ಒಂದು, ಬಲಕ್ಕ ಎರಡು. ಫಂಕ್ಷನ್ ಅಲ್ಲ."

"ನಿಯಮ ಬರೋಬರಿ ಐತಿ. ಡೇಟಾ ತಪ್ಪೈತಿ."

"ಡೇಟಾ ಖರೇ ಐತ್ರಿ."

"ಮಕ್ಕಳು-ತಾಯಿ ಅಂದ್ರ ಫಂಕ್ಷನ್. ಇಪ್ಪತ್ತೆರಡ ವರ್ಷದಿಂದ ಈ ಕರಿ ಫಳಿ ಮ್ಯಾಲ ಬರಿಯಾಕತ್ತೇನಿ. ಇವತ್ತ ನಿನ್ನ ಕುರಿ ಬಂದು ಅಲ್ಲ ಅಂತಾವೇನು?"

"ಫಳಿ ಮ್ಯಾಲ ಕುರಿ ಇರಲಿಲ್ಲಲ್ರಿ ಸರ್."

ಹಿಂದಿನ ಬೆಂಚು ನಕ್ಕಿತು. ಯಾರೋ ಮೆಲ್ಲಗೆ 'ಮ್ಯಾಂ' ಎಂದರು. ಇನ್ಯಾರೋ ಜೋರಾಗಿ ಎಂದರು. ರಾಜಕುಮಾರ ತಲೆ ತಗ್ಗಿಸಿ ಮೊಬೈಲ್ ನೋಡಿದ. ಬಾಹುಬಲಿ ಸರ್ ನಗುವವರನ್ನು ಗದರಿಸಲಿಲ್ಲ. ಡಸ್ಟರ್ ಕೆಳಗಿಟ್ಟು, ಕೈ ಝಾಡಿಸಿಕೊಂಡು, ಬಹಳ ಸಮಾಧಾನದಿಂದ ಹೇಳಿದರು:

"ನೋಡವ್ವ, ಗಣಿತಕ್ಕ ಒಂದು ಶಿಸ್ತು ಇರತೈತಿ. ಕುರಿ ಕಾಯೂ ಮಂದಿ ಆಡಿದ್ದೆಲ್ಲಾ ಡೇಟಾ ಆಗೂದಿಲ್ಲ. ಒಂದ ಸಾಲ ಹೊಡಿ. ನಿನ್ನ ಕೈಯಿಂದನ ಹೊಡಿ. ಕೆಳಗ 'ಫಂಕ್ಷನ್ ಹೌದು' ಅಂತ ಬರಿ. ನಾ ಸಹಿ ಮಾಡತೀನಿ. ಮುಗೀತಲ್ಲ?"

ನಾನು ಸಾಮಾನ್ಯವಾಗಿ ಸಿಟ್ಟಿಗೇಳುವುದಿಲ್ಲ. ಬೆಳಿಗ್ಗೆ ದೇವರಿಗೆ ಹೂ ಏರಿಸಿ, ಒಂದು ತಾಸು ಸುಮ್ಮನೆ ಕೂತು, ಆಮೇಲೆ ಬರೆಯುತ್ತೇನೆ. ಈ ಸಾಲನ್ನು ಬರೆದ ಮರುದಿನ ಹೂ ಏರಿಸಿದೆ, ತಾಸು ಸುಮ್ಮನೆ ಕೂಡ್ರಲು ಆಗಲಿಲ್ಲ. ಸುಳ್ಳು ಹೇಳು ಎಂದು ಇಷ್ಟು ಮೃದುವಾಗಿ ಹೇಳುವ ಮನುಷ್ಯನನ್ನು ನಾನೇ ಕಟ್ಟಿದೆನಲ್ಲ. ಅವನ ಬಾಯಿಗೆ 'ಅವ್ವ' ಎಂಬ ಮಾತನ್ನೂ ನಾನೇ ಕೊಟ್ಟೆ.

ತಂಗೆವ್ವನ ಕಿವಿಯಲ್ಲಿ 'ಕುರಿ ಕಾಯೂ ಮಂದಿ' ಎಂಬ ಮಾತು ಬಸ್ ಸ್ಟ್ಯಾಂಡಿನವರೆಗೂ ಬಂತು. ಮ್ಹೈಸಾಳದ ಬಸ್ಸಿಗೆ ಕಾಯುತ್ತ ನಿಂತವಳು ಒಂದು ಬಸ್ಸನ್ನು ಬಿಟ್ಟಳು. ಕಣ್ಣೆದುರಿಗೆ ನಿಂತು, ಜನ ಹತ್ತಿ, ಹೋಯಿತು, ಅವಳಿಗೆ ಕಾಣಿಸಲಿಲ್ಲ. ಅಷ್ಟು ಸಿಟ್ಟು.

೮

ಅಂತ್ಯಗಳು. ನನ್ನ ಹತ್ತಿರ ಬಹಳ ಇವೆ.

ಅ) ಶುಕ್ರವಾರ ಸಂಜೆ ಬಾಹುಬಲಿ ಸರ್ ತಾವಾಗಿ ಹೊಲಕ್ಕೆ ಬರುತ್ತಾರೆ. ಹಣಮವ್ವ ಕರಿಮೂಗನನ್ನು ಹಿಡಿದು ಎರಡು ಹೆಸರು ಕೂಗುತ್ತಾಳೆ. ಸರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

"ಬೂಟಿಗೆ ಮಣ್ಣ ಹತ್ತತೈತಂತ ಸರ್ ಕಾಲೇಜ ಹಿಂದಿನ ಗ್ರೌಂಡಿಗೂ ಬರೂದಿಲ್ಲ," ಅಂದಳು ತಂಗೆವ್ವ. ಹೊಡೆದು ಹಾಕಿದೆ.

ಆ) ಹಣಮವ್ವ ಇಡೀ ಹಿಂಡನ್ನು ಹೊಡೆದುಕೊಂಡು ಮಿರಜಕ್ಕೆ ಹೋಗಿ ಕಾಲೇಜಿನ ಅಂಗಳದಲ್ಲಿ ನಿಲ್ಲಿಸುತ್ತಾಳೆ. ಕಾರಿಡಾರಿನಲ್ಲಿ ಕುರಿ, ಮೆಟ್ಟಿಲ ಮೇಲೆ ಕುರಿ, ಪ್ರಿನ್ಸಿಪಾಲರ ಮೇಜಿನ ಕೆಳಗೆ ಕುರಿ.

ಇದಕ್ಕೆ ಹಣಮವ್ವ ಸ್ವತಃ ಬಂದಳು. "ಯಪ್ಪಾ, ನನ್ನ ಕುರಿ ಏನು ಸರ್ಕಸ್ ಅದಾವೇನು? ಆ ಡಾಂಬರ ಮ್ಯಾಲ ಹತ್ತ ಮೈಲಿ ನಡದ್ರ ಗೊರಸ ಉಳಿತಾವೇನು? ಓದವ್ರು ನಗಲಿ ಅಂತ ನನ್ನ ಮರಿ ಸಾಯಬೇಕ?" ಹೊಡೆದು ಹಾಕಿದೆ.

ಇ) ಇದು ನನಗೆ ಬಹಳ ಪ್ರಿಯವಾದದ್ದು. ಕಥೆಗೆ ಎರಡು ಅಂತ್ಯ ಬರೆದು ಎರಡನ್ನೂ ಬಿಡುವುದು. ಒಂದರಲ್ಲಿ ಸಹಿ ಆಗುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ. ಆರಂಭ ಒಂದು, ಅಂತ್ಯ ಎರಡು. ಹಾಗಾಗಿ ಈ ಕಥೆಯೂ ಫಂಕ್ಷನ್ ಅಲ್ಲ! (ಇಲ್ಲಿ 'ಭಲೇ' ಎನ್ನಿ ಎಂದು ಬರೆದಿದ್ದೆ.) ಯಾವ ಅಂತ್ಯ ಬೇಕೋ ಓದುಗರು ಆರಿಸಿಕೊಳ್ಳಲಿ, ಯಾವುದಾದರೂ ನಡೆಯುತ್ತದೆ ಎಂದು ತಂಗೆವ್ವನಿಗೆ ವಿವರಿಸಿದೆ.

ಅವಳು ಜರ್ನಲ್ ಎತ್ತಿ ಚೀಲದೊಳಗೆ ಇಟ್ಟುಕೊಂಡಳು.

"ನಿಮಗ ಎಷ್ಟರ ಅಂತ್ಯ ಇರಲಿ ಕಾಕಾ. ನನಗ ಇರೂದು ಒಂದ ಶನಿವಾರ."

ಆಮೇಲೆ ನಾನು ಆಡಿದ್ದು ನನಗೇ ಕೇಳಿಸಿತು. ಯಾವುದಾದರೂ ನಡೆಯುತ್ತದೆ. ಬಾಹುಬಲಿ ಸರ್ ಮೇಲೆ ಹಲ್ಲು ಕಡಿಯುತ್ತ ಕೂತಿದ್ದವನು ಅದೇ ಮಾತನ್ನು, ಅಷ್ಟೇ ಮೃದುವಾಗಿ, ಅದೇ ಹುಡುಗಿಗೆ ಹೇಳಿದ್ದೆ.

೯

ಶುಕ್ರವಾರ ಸಂಜೆಯದ್ದನ್ನು ಬರೆಯಬೇಡಿ ಎಂದಿದ್ದಳು. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಅವಳು ಕಲ್ಲಿನವಳೆಂದು ನೀವು ತಿಳಿಯುತ್ತೀರಿ.

ಮರಿಗಳು ಹಾಲು ಕುಡಿಯುತ್ತಿದ್ದವು. ಅವಳು ಚೀಲದ ಮೇಲೆ ಜರ್ನಲ್ ಇಟ್ಟುಕೊಂಡು ಹದಿನೇಳನೆಯ ಪುಟ ತೆರೆದಳು. ಸ್ಕೇಲನ್ನು ಕೆಂಚಿಯ ಸಾಲಿನ ಮೇಲೆ ಇಟ್ಟಳು. ಕೆಂಚಿ ಸತ್ತು ಮೂರು ತಿಂಗಳಾಯಿತು. ಅದಕ್ಕೇನು ಗೊತ್ತಾಗುತ್ತದೆ? ಒಂದು ಗೆರೆ, ಒಂದು ಸಹಿ, ಒಂದು ವರ್ಷ. ಅಜ್ಜಿಗೆ ಓದಲು ಬರುವುದಿಲ್ಲ. ಬೀರಪ್ಪನಿಗೆ ಮರಾಠಿ ಮೀಡಿಯಂ ಗಣಿತ ಬರುತ್ತದೆಯೋ ಇಲ್ಲವೋ.

ಪೆನ್ನಿನ ಮೊನೆ ಕಾಗದಕ್ಕೆ ತಾಗಿತು. ಒಂದು ಚುಕ್ಕೆ ಬಿತ್ತು.

ಮರಿಯ ಮೂಗು ಕಪ್ಪಾದದ್ದು ಕೆಂಚಿಯಿಂದ. ಕೆಂಚಿಯ ಮೂಗೂ ಹಾಗೇ ಇತ್ತು. ಈ ಸಾಲನ್ನು ಹೊಡೆದರೆ ಆ ಮೂಗು ಎಲ್ಲಿಂದ ಬಂತು ಎಂದು ಬರೆಯುವುದು? ಸ್ಕೇಲನ್ನು ಕೆಳಗಿನ ಸಾಲಿಗೆ ಸರಿಸಿದಳು. ಅಲ್ಲಿಂದ ತಲೆ ಎತ್ತಿದರೆ ಚುಕ್ಕಿ ನಿಂತಿತ್ತು, ಹೊಟ್ಟೆಯ ಕೆಳಗೆ ಬಾಲ ಅಲ್ಲಾಡಿಸುವ ಕರಿಮೂಗ. ಚುಕ್ಕಿ ಇವಳ ಕಡೆ ನೋಡಲಿಲ್ಲ, ಬೇಡಿಕೊಳ್ಳಲೂ ಇಲ್ಲ, ಸುಮ್ಮನೆ ಮೆಲುಕು ಹಾಕುತ್ತಿತ್ತು.

ತಂಗೆವ್ವ ಸ್ಕೇಲನ್ನು ಎತ್ತಿ ಕಾಲುವೆಗೆ ಒಗೆದಳು. ಆಮೇಲೆ ಅದೇ ಸ್ಕೇಲಿಗಾಗಿ ದಂಡೆಯುದ್ದಕ್ಕೂ ಓಡಿದಳು; ಇನ್ನೊಂದು ಇರಲಿಲ್ಲ. ಸಿಗಲಿಲ್ಲ.

೧೦

ಶನಿವಾರ ನಾಲ್ಕು ಗಂಟೆ. ಸ್ಟಾಫ್ ರೂಮ್. ಬಾಹುಬಲಿ ಸರ್ ಮುಂದೆ ಜರ್ನಲ್‌ಗಳ ರಾಶಿ. ಕಿಟಕಿಯ ಹತ್ತಿರ ಬಯಾಲಜಿಯ ಪಂಕಜ ಮೇಡಂ ಪೇಪರ್ ತಿದ್ದುತ್ತಿದ್ದಾರೆ. ಸಿಪಾಯಿ ಗುರುಪಾದ ಚಹಾದ ಕಪ್ಪುಗಳನ್ನು ಇಡುತ್ತಿದ್ದಾನೆ. ಬೇರೆ ಯಾರೂ ಇಲ್ಲ. ಇನ್ನು ಯಾರನ್ನೂ ಒಳಗೆ ಬಿಡುವುದಿಲ್ಲ.

ತಂಗೆವ್ವ ಜರ್ನಲ್ ತೆರೆದು ಮೇಜಿನ ಮೇಲೆ ಇಟ್ಟಳು. ಸರ್ ನೋಡಿದರು. ಎರಡು ಸಾಲೂ ಹಾಗೇ ಇದ್ದವು.

"ಹೊಡದಿಲ್ಲ ಇನ್ನೂ?"

"ಯಾವದು ಹೊಡೀಲಿ ಅಂತ ಕೇಳಾಕ ಬಂದೇನ್ರಿ."

"ಯಾವದರ ನಡಿತೈತಿ ಅಂದಿದ್ನೆಲ್ಲ."

"ನನಗ ತಿಳಿವಲ್ದು. ಮರೀನ ಒಂದು ಕುರಿ ಹೆತ್ತು ಸತ್ತೈತಿ, ಇನ್ನೊಂದು ಹಾಲ ಕುಡಿಸೈತಿ. ನೀವ ಹೇಳ್ರಿ ಸರ್. ನೀವ ಹೇಳಿದ್ದು ಹೊಡೀತೀನಿ."

ಸರ್ ಅವಳ ಕಡೆ ನೋಡದೆ ಮುಂದಿನ ಜರ್ನಲ್ ತೆಗೆದುಕೊಂಡರು. "ಸತ್ತದ್ದು ಹೊಡಿ. ಈಗ ಇಲ್ಲದ್ದನ್ನ ಯಾಕ ಬರೀಬೇಕು?"

ಪಂಕಜ ಮೇಡಂ ಪೇಪರಿನಿಂದ ತಲೆ ಎತ್ತಿದರು. "ಅಯ್ಯ, ಅದ್ಹೆಂಗ್ರಿ ಸರ್? ಹೆತ್ತದ್ದ ಅದು. ರಕ್ತ ಅದರದು. ಹೊಡಿಯೂದ ಇದ್ರ ಇನ್ನೊಂದನ್ನ ಹೊಡೀಬೇಕು."

"ಮೇಡಂ, ಪ್ರಶ್ನ ಅದಲ್ಲ..."

"ಪ್ರಶ್ನ ಅದ ಐತಿ. ತಾಯಿ ಯಾವದು ಅಂತ ಬಯಾಲಜಿ ಕೇಳಿದ್ರ ನಾ ಹೇಳಬೇಕೋ, ನೀವ ಹೇಳಬೇಕೋ?"

"ಹಾಲ ಕುಡಿಸಿ ಬೆಳಸಿದ್ದಕ್ಕ ಏನೂ ಇಲ್ಲೇನು ನಿಮ್ಮ ಬಯಾಲಜ್ಯಾಗ?"

"ಅಂದ್ರ ನೀವೂ ಒಪ್ಪಿದ್ರಿ, ಅದೂ ತಾಯಿ ಅಂತ?"

"ನಾ ಏನ ಒಪ್ಪಿದ್ನಿ? ನಾ ಅಂದದ್ದು..."

ಇಬ್ಬರೂ ಎದ್ದು ನಿಂತಿದ್ದರು. ಗುರುಪಾದ ಕಪ್ಪು ಹಿಡಿದುಕೊಂಡೇ ಅವರ ನಡುವೆ ಸಿಕ್ಕಿಕೊಂಡಿದ್ದ.

"ಸರ್," ಅಂದಳು ತಂಗೆವ್ವ. ದನಿ ಎತ್ತಲಿಲ್ಲ. "ಕೇಳಿದ್ದು ಒಂದ ಮರಿ. ಉತ್ತರ ಎರಡ ಬಂದೂವು."

ಗುರುಪಾದ ಫಕ್ಕನೆ ನಕ್ಕ. ಸರ್ ಮುಖ ನೋಡಿ ನಗು ನುಂಗಿದ. ಪಂಕಜ ಮೇಡಂ ಕುಳಿತುಕೊಂಡು ಪೇಪರಿನ ಮೇಲೆ ಬಾಗಿದರು. ಅವರ ಭುಜ ಅಲ್ಲಾಡುತ್ತಿತ್ತು. ಬಾಹುಬಲಿ ಸರ್ ಅವರ ಕಿವಿಯ ಹಾಲೆ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ.

ಇಲ್ಲಿ ಒಂದು ಮಾತು. ಇಲ್ಲಿಯವರೆಗೆ ಬಂದ ಮೇಲೆ ಸರ್ ನಕ್ಕು ಸಹಿ ಮಾಡಿಬಿಡಲಿ ಎಂದು ನನಗೂ ಅನ್ನಿಸಿತು. ಜಾಣ ಹುಡುಗಿ, ಸೋತ ಮಾಸ್ತರು, ಎಲ್ಲರಿಗೂ ಚಹಾ. ಆದರೆ ಇಬ್ಬರ ಎದುರಿಗೆ ಸೋತ ಮಾಸ್ತರು ಚಹಾ ಕುಡಿಸುವುದನ್ನು ನಾನು ನೋಡಿಲ್ಲ. ನೀವು ನೋಡಿದ್ದರೆ ಅದನ್ನು ನೀವು ಬರೆಯಿರಿ.

"ಭಾಳ ಶಾಣ್ಯಾಕಿ ಆಗಬ್ಯಾಡ," ಅಂದರು ಸರ್. ಈಗ ಅವರ ಬಾಯಲ್ಲಿ ಅವ್ವ ಇರಲಿಲ್ಲ. "ಕೊಡ ಇಲ್ಲೆ. ನಾನ ಹೊಡೀತೀನಿ."

ಕೆಂಪು ಪೆನ್ನಿನ ಟೋಪಿ ತೆಗೆದರು. ಕೈ ಚಾಚಿದರು.

ತಂಗೆವ್ವ ಬಲಗೈಯ ಅಂಗೈಯನ್ನು ಪುಟದ ಮೇಲೆ ಊರಿದಳು. ಸುತ್ತು ಪೂರ್ತಿ ಮುಚ್ಚಿತು. ಬೆರಳುಗಳು ಮೇಜಿಗೆ ಅಂಟಿದ ಹಾಗೆ ನಿಂತವು.

"ಕೈ ತಗಿ."

"ಯಾವದನ್ನ ಹೊಡೀತೀರಿ ಹೇಳ್ರಿ. ತಗೀತೀನಿ."

"ಸತ್ತದ್ದನ್ನ ಅಂದ್ನೆಲ್ಲ!"

"ಹೆಸರ ಹೇಳ್ರಿ ಸರ್."

"ಏನು?"

"ಎರಡಕ್ಕೂ ಹೆಸರ ಅದಾವು. ಹೊಡಿಯೂದ್ರ ಹೆಸರ ಹೇಳ್ರಿ, ಕೈ ತಗೀತೀನಿ."

ಬಾಹುಬಲಿ ಸರ್ ಬಾಯಿ ತೆರೆದರು. ಬುಧವಾರ ಆ ಎರಡು ಸಾಲುಗಳ ಸುತ್ತ ಸುತ್ತು ಎಳೆದವರು ಅವರು. ಎರಡು ದಿನ ಅವುಗಳ ಮೇಲೆ ವಾದ ಮಾಡಿದವರು ಅವರು. ಒಂದು ಹೆಸರೂ ನೆನಪಿಗೆ ಬರಲಿಲ್ಲ. ಕಿಟಕಿಯ ಹತ್ತಿರದ ಪೆನ್ನೂ ನಿಂತಿತು. ಗುರುಪಾದನ ಕೈಯಲ್ಲಿ ಚಹಾ ಆರುತ್ತಿತ್ತು. ಸರ್ ಪುಟದ ಕಡೆ ನೋಡಿದರು. ಅಲ್ಲಿ ಹಳ್ಳಿಯ ಹುಡುಗಿಯ ಐದು ಬೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಮುಂದೇನಾಯಿತು ಎಂದು ನನ್ನನ್ನು ಕೇಳಬೇಡಿ. ಆ ಕೈಯನ್ನು ಎತ್ತಿಸುವ ಅಧಿಕಾರ ನನಗಿಲ್ಲ. ಸರ್ ನನ್ನ ಕಡೆ ನೋಡುತ್ತಿದ್ದಾರೆ. ಅವರನ್ನು ಕಟ್ಟಿದವನು ನಾನು; ಆ ಎರಡು ಹೆಸರು ನನಗೆ ಗೊತ್ತು ಎಂದು ಅವರಿಗೂ ಗೊತ್ತು. ನಾನು ಹೇಳಿಕೊಡುವುದಿಲ್ಲ.

ನಿಮಗೂ ಗೊತ್ತು. ನೀವೂ ಬಾಯಿ ಬಿಡಬೇಡಿ.